ಸಾಲ ತೀರಿಸಬೇಡಿ ಅಂತ ಯಾಕೆ ಹೇಳುತ್ತೇನೆ

ಐಪಿಎಲ್ ಮುಗಿಯುತ್ತಿದ್ದಂತೆ ಬೆಟ್ಟಿಂಗ್ ಚಟದ ವಿಷಯಕ್ಕೆ ಸಲಹೆ ಕೇಳಿಕೊಂಡು ನಮ್ಮಲ್ಲಿಗೆ ಒಂದೇ ನಮೂನೆಯ ಮನೆಯವರು ಬರತೊಡಗುತ್ತಾರೆ. ದುಡ್ಡು ಕಟ್ಟಿ ಆಡಿದವನು ಬರುವುದು ಕಡಿಮೆ. ಅವನ ಅಣ್ಣ ಬರುತ್ತಾನೆ, ಇಲ್ಲವೇ ಹೆಂಡತಿ, ತಾಯಿ. ಕೇಳುವುದೂ ಒಂದೇ ಮಾತು: "ಇದೊಂದು ಸಲ ಸಾಲ ತೀರಿಸಿಬಿಟ್ರ ಸುಧಾರಿಸ್ತಾನಲ್ರೀ?" ತೀರಿಸಬೇಡಿ ಅನ್ನುತ್ತೇನೆ. ಧಾರವಾಡದಲ್ಲಿ ಕೂತು ಹೇಳೋದು ಸುಲಭ, ಸಾಲ ಕೊಟ್ಟವರು ಬಾಗಿಲಿಗೆ ಬರೋದು ನಮ್ಮನೆಗೆ ಅಂತ ಬೈದು ಹೋದವರಿದ್ದಾರೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹಾವೇರಿ ಜಿಲ್ಲೆಯ ಹುಡುಗ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮದುವೆಯಾಗಿದೆ, ಒಂದು ಮಗು. ರಮ್ಮಿ ಆ್ಯಪ್‌ನಿಂದ ಶುರುವಾಗಿ ಕ್ರಿಕೆಟ್ ಬೆಟ್ಟಿಂಗ್‌ಗೆ ಬಂದಿದ್ದ. ಮೊದಲ ಸಲ ಹೆಂಡತಿಯ ಪಾಟಲಿ ಹೋದವು. ಎರಡನೇ ಸಲ ಅಣ್ಣ ಸೊಸೈಟಿಯಲ್ಲಿ ಸಾಲ ಎತ್ತಿ ತೀರಿಸಿದ. ಈಗ ಹೊಲ ಮಾರುವ ಮಾತು ನಡೆದಿತ್ತು, ಗಿರಾಕಿಯೂ ಸಿಕ್ಕಿದ್ದ.

ಅವತ್ತು ಅಣ್ಣ, ತಾಯಿ, ಹುಡುಗ ಮೂವರೂ ಬಂದಿದ್ದರು. ಅಣ್ಣನೇ ಮಾತಾಡಿದ. "ಮ್ಯಾಚ್ ನೋಡೂದ ಬ್ಯಾರೆ ನಮೂನಿ ಇತ್ರೀ ಮೇಡಂ. ಯಾರು ಗೆದ್ರೂ ಅವಗ ಖುಷಿ ಇಲ್ಲ. ಆರನೇ ಓವರ್‌ನ್ಯಾಗ ಒಂದು ವೈಡ್ ಬಿದ್ರ ಮೈಯೆಲ್ಲ ಬೆವರು." ಮೊದಲ ಆರು ಓವರಿಗೆ ಎಷ್ಟು ರನ್ ಅಂತ ಕಟ್ಟುವುದಕ್ಕೆ ಬುಕ್ಕಿಗಳು ಸೆಶನ್ ಅನ್ನುತ್ತಾರೆ. ಅಣ್ಣನಿಗೆ ಆ ಹೆಸರು ಗೊತ್ತಿರಲಿಲ್ಲ, ಆದರೆ ಸರಿಯಾಗಿ ಗಮನಿಸಿದ್ದ.

ಎಷ್ಟು ಸಾಲ ಅಂದೆ. ಮೂರು ಲಕ್ಷ ಅಂದ ಹುಡುಗ. ಹಾಳೆ, ಪೆನ್ನು ಕೊಟ್ಟು ಯಾರ್‍ಯಾರಿಗೆ ಎಷ್ಟು ಅಂತ ಬರಿ ಅಂದೆ. ಬರೆಯುತ್ತಾ ಹೋದ ಹಾಗೆ ಕೈಗಡ ಬಂತು, ಲೋನ್ ಆ್ಯಪ್ ಬಂತು, ಬಡ್ಡಿ ವ್ಯವಹಾರದವರು ಬಂದರು. ಐದೂವರೆ ಲಕ್ಷ ಆಯ್ತು. ಮೊದಲು ಹೇಳುವ ಮೊತ್ತ ನಿಜವಾದದ್ದು ಇರುವುದೇ ಅಪರೂಪ, ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ. ಆಮೇಲೆ ಇನ್ನೊಂದು ಕೇಳಿದೆ: ಹೋದ ಸಲ ಅಣ್ಣ ಸಾಲ ತೀರಿಸಿದನಲ್ಲ, ಅದಾದ ಮೇಲೆ ಮತ್ತೆ ಯಾವಾಗ ಆಡಿದೆ?

ಬಹಳ ಹೊತ್ತು ಸುಮ್ಮನಿದ್ದ. ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಿದ್ದ.

"ಅವತ್ತ ರಾತ್ರಿನ ರೀ."

ಅಣ್ಣ ಅವನ ಕಡೆ ತಿರುಗಿದ. ಹುಡುಗ ನೆಲ ನೋಡುತ್ತಲೇ ಹೇಳಿದ: "ಸಾಲ ಹೋತು, ನಿದ್ದಿ ಬರ್ತೈತಿ ಅನ್ಕೊಂಡಿದ್ದೆ. ಬರ್ಲಿಲ್ರೀ. ಅಣ್ಣ ನನ್ನ ಸಲುವಾಗಿ ಸಾಲ ಮಾಡ್ಯಾನ, ಅವನ ರೊಕ್ಕಾನರ ಗೆದ್ದು ತಿರುಗಿ ಕೊಡ್ಬೇಕು ಅನಿಸ್ತು."

ಅಣ್ಣ ಎದ್ದು ಹೊರಗೆ ಹೋದ. ತಾಯಿ ನನ್ನನ್ನೇ ಕೇಳಿದಳು, "ಅಂದ್ರ ನಾವ ರೊಕ್ಕ ಕೊಟ್ಟು ಆಡಿಸಿದಂಗಾತೇನ್ರೀ?"

ಹಾಗಲ್ಲ ಅಂದೆ. ಮನೆಯವರ ತಪ್ಪಿನಿಂದ ಈ ಚಟ ಬರುವುದಿಲ್ಲ. ಆದರೆ ಹುಡುಗ ಹೇಳಿದ್ದು ನಿಜ. ಹೋದದ್ದನ್ನು ಆಡಿಯೇ ಗೆಲ್ಲಬೇಕು ಅನ್ನುವ ಹಟ ಈ ಕಾಯಿಲೆಯ ಮುಖ್ಯ ಲಕ್ಷಣ. ಅಂಥವನಿಗೆ ಒಟ್ಟಿಗೆ ಸಾಲ ತೀರಿಸಿಕೊಟ್ಟರೆ, ಗೆದ್ದು ವಾಪಸ್ ತರಬೇಕಾದ ಲೆಕ್ಕಕ್ಕೆ ಅದೂ ಸೇರುತ್ತದೆ ಅಷ್ಟೇ. ಕಾಯಿಲೆ ಅನ್ನುವುದು ನನ್ನ ಮಾತಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಜೂಜಿನ ಚಟವನ್ನು ಕುಡಿತದ ಚಟದ ಸಾಲಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದೆ. ಫೋನ್ ಕಸಿದುಕೊಂಡರೆ ಸಿಡುಕುವುದು, ಕಟ್ಟುವ ದುಡ್ಡು ಏರುತ್ತಲೇ ಹೋಗುವುದು, ಗೆದ್ದದ್ದನ್ನು ಊರಿಗೆಲ್ಲ ಹೇಳಿ ಸೋತದ್ದನ್ನು ಮುಚ್ಚಿಡುವುದು, ಸಂಬಳ ಬಂದ ವಾರದಲ್ಲೇ ಕೈಗಡ ಕೇಳುವುದು. ಇಷ್ಟು ಕಂಡರೆ ತಡಮಾಡಬೇಡಿ.

ಹೊಲ ಮಾರಬೇಡಿ ಅಂದೆ. ಸಂಬಳ ಹೆಂಡತಿಯ ಖಾತೆಗೆ ಬರಲಿ, ಅದರಿಂದಲೇ ತಿಂಗಳಿಗಿಷ್ಟು ಅಂತ ಅವನೇ ಸಾಲ ಕಟ್ಟಲಿ. ಸ್ವಲ್ಪ ದಿನ ಬಟನ್ ಫೋನ್ ಸಾಕು, ಯುಪಿಐ ಬೇಡ. ರೈತರ ದುಡ್ಡು ಕೈಯಲ್ಲಿ ಓಡಾಡುತ್ತಿತ್ತಲ್ಲ, ಗಲ್ಲೆಯಿಂದ ದೂರದ ಕೆಲಸ ಕೊಡಿ ಅಂತ ಅವನೇ ಮಾಲೀಕರನ್ನು ಕೇಳಲಿ ಅಂದೆ. ಅಣ್ಣನಿಗೆ ಇದು ಹಿಡಿಸಲಿಲ್ಲ, ಮರ್ಯಾದೆ ಹೋಗುತ್ತದೆ ಅಂದ. ಗಲ್ಲೆಯಲ್ಲಿ ಒಂದು ದಿನ ಕಡಿಮೆ ಬಿದ್ದರೆ ಹೋಗುವ ಮರ್ಯಾದೆ ಇದಕ್ಕಿಂತ ದೊಡ್ಡದು ಅಂತ ನಾನೂ ಪಟ್ಟುಹಿಡಿದೆ. ರಿಕವರಿಯವರ ಕಾಟದ ಬಗ್ಗೆಯೂ ಹೇಳಿದೆ: ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಬ್ಯಾಂಕು, ಫೈನಾನ್ಸ್ ಕಂಪನಿಯವರು ಸಾಲ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಬದುಕೇ ಬೇಡ ಅನಿಸಿದೆಯಾ ಅಂತ ಅವನೊಬ್ಬನನ್ನೇ ಕೂರಿಸಿ ಕೇಳಿದೆ. ಜೂಜಾಡಿ ಸಾಲಕ್ಕೆ ಬಿದ್ದವರಿಗೆ ಈ ಪ್ರಶ್ನೆ ಕೇಳದೆ ಬಿಡಬಾರದು. ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಅನಿಸಿದೆ ಅಂದ. ಆ ದಿನವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ, ರಾತ್ರಿ ಒಬ್ಬನೇ ಇರದಂತೆ ನೋಡಿಕೊಳ್ಳಿ ಅಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಮೂವರಿಗೂ ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಗಳಲ್ಲೂ ಮನೋರೋಗ ವಿಭಾಗ ಇದೆ.

2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರ ಕಾಯ್ದೆ ಬಂತಲ್ಲ, ಇನ್ನೇನು ಚಿಂತೆ ಅನ್ನುವವರಿದ್ದಾರೆ. ಆ್ಯಪ್ ಹೋದರೆ ವಾಟ್ಸಾಪ್‌ನಲ್ಲಿ ಬುಕ್ಕಿ ಸಿಗುತ್ತಾನೆ, ಓಸಿ (ಮಟ್ಕಾ) ಬರೆಯುವವರು ಮೊದಲಿನಿಂದಲೂ ಇದ್ದಾರೆ. ಇನ್ನು ಕೆಲವರು ಚಿಕಿತ್ಸೆಗೆ ಹೋದರೆ ಸಿಕ್ಕಿಬೀಳುತ್ತೇವೆ ಅಂತ ಹೆದರುತ್ತಾರೆ. ಆ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸಿಕೊಡುವವರಿಗೆ. ಆಡಿ ಸೋತವನಿಗಲ್ಲ.

ಹುಡುಗ ಈಗಲೂ ಡಾಕ್ಟರ ಹತ್ತಿರ ಬರುತ್ತಾನೆ. ದೀಪಾವಳಿಯಲ್ಲಿ ಗೆಳೆಯರ ಜೊತೆ ಇಸ್ಪೀಟ್‌ಗೆ ಕೂತು ಎರಡು ಸಾವಿರ ಕಳೆದ, ಆದರೆ ಮನೆಗೆ ಹೋಗಿ ತಾನೇ ಹೆಂಡತಿಗೆ ಹೇಳಿದ. ಮೊದಲಾಗಿದ್ದರೆ ಹೇಳುತ್ತಿರಲಿಲ್ಲ. ಸಾಲ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಅಣ್ಣ ಆಗಾಗ ಫೋನ್ ಮಾಡಿ, ಬಡ್ಡಿಯವರದೊಂದಾದರೂ ತೀರಿಸಿಬಿಡಲೇನ್ರೀ ಮೇಡಂ ಅಂತ ಕೇಳುತ್ತಾನೆ. ಬೇಡ, ಅವನೇ ಕಟ್ಟಲಿ ಅನ್ನುತ್ತೇನೆ.