ಧಾರಾವಾಹಿಗೆ ಆಯ್ಕೆಯಾದರೆ ನಾಟಕ ತಂಡವನ್ನು ಬಿಡಬೇಕೆ?

ವಯಸ್ಸು ಇಪ್ಪತ್ತೇಳಾಯಿತು, ಹವ್ಯಾಸಿ ತಂಡದಲ್ಲೇ ಉಳಿದರೆ ಕಿರುತೆರೆಯ ಅವಕಾಶ ಕೈತಪ್ಪುತ್ತದೆ, ಆಡಿಷನ್‌ನಲ್ಲಿ ಒಪ್ಪಿಗೆ ಸಿಕ್ಕಿರುವುದರಿಂದ ತಂಡ ಬಿಡಲೇ ಎಂದು ಕೇಳಿದ್ದೀರಿ. ನಾನು ಹಾಗೆ ಬಿಟ್ಟವಳು.

ಆಗ ನಮ್ಮಲ್ಲಿ ಹೊಸ ನಾಟಕವೊಂದರ ತಾಲೀಮು ನಡೆಯುತ್ತಿತ್ತು. ಮುಖ್ಯ ಪಾತ್ರ ನನ್ನದು. ನಿರ್ಮಾಣ ಸಂಸ್ಥೆಯೊಂದರಿಂದ ಫೋನ್ ಬಂತು: “ನಾಯಕಿಯ ಅಕ್ಕನ ಪಾತ್ರಕ್ಕೆ ನೀವೇ ಮೇಡಂ, ಡೇಟ್ಸ್ ಖಾಲಿ ಇಟ್ಟುಕೊಳ್ಳಿ.” ಅಂದು ಸಂಜೆಯೇ ತಾಲೀಮಿಗೆ ಹೋಗಿ ಪಾತ್ರ ಬಿಡುತ್ತೇನೆಂದೆ. ನಮ್ಮ ಮೇಷ್ಟ್ರು ಬಯ್ಯಲಿಲ್ಲ. “ಒಪ್ಪಿಗೆ ಕೊಟ್ಟವರು ಯಾರಮ್ಮ?” ಎಂದಷ್ಟೇ ಕೇಳಿದರು. ನಾನು ಅದನ್ನು ಕೊಂಕು ಎಂದುಕೊಂಡೆ.

ಅವರು ಕೇಳಿದ್ದರ ಅರ್ಥವನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲೇ. ಧಾರಾವಾಹಿಯನ್ನು ತಯಾರಿಸುವವರು ಒಬ್ಬರು, ಪ್ರಸಾರ ಮಾಡುವವರು ಇನ್ನೊಬ್ಬರು. ಆಡಿಷನ್‌ನಲ್ಲಿ ನಿಮ್ಮನ್ನು ಮೆಚ್ಚುವುದು ನಿರ್ಮಾಣ ಸಂಸ್ಥೆ. ಆಮೇಲೆ ಪಾತ್ರದ ಉಡುಪಿನಲ್ಲಿ ಲುಕ್ ಟೆಸ್ಟ್ ಮಾಡುತ್ತಾರೆ, ಉಳಿದ ಪಾತ್ರಧಾರಿಗಳ ಜೊತೆ ಒಂದೆರಡು ದೃಶ್ಯಗಳ ಮಾಕ್ ಶೂಟ್ (ಪರೀಕ್ಷೆಗೆಂದೇ ಮಾಡುವ ಚಿತ್ರೀಕರಣ) ಮಾಡುತ್ತಾರೆ, ಅದೆಲ್ಲವೂ ಚಾನೆಲ್‌ಗೆ ಹೋಗುತ್ತದೆ. ಚಾನೆಲ್‌ನವರು ನೋಡುವುದು ನಿಮ್ಮ ಅಭಿನಯವನ್ನಷ್ಟೇ ಅಲ್ಲ, ಒಂದು ಕುಟುಂಬದ ಚೌಕಟ್ಟಿನಲ್ಲಿ ನಿಮ್ಮ ಮುಖ ಹೊಂದುತ್ತದೆಯೇ ಎಂಬುದನ್ನು. ಅವರು ಓಕೆ ಮಾಡಿ, ಅಗ್ರಿಮೆಂಟ್‌ಗೆ ಸಹಿ ಬೀಳುವವರೆಗೆ “ನೀವೇ” ಎಂಬ ಮಾತಿಗೆ ಬೆಲೆಯಿಲ್ಲ. ಅದೇ ಮಾತನ್ನು ಇನ್ನೂ ಕೆಲವರಿಗೆ ಹೇಳಿರುತ್ತಾರೆ. ಅದು ಮೋಸವೂ ಅಲ್ಲ, ಆ ಕಸುಬು ನಡೆಯುವುದೇ ಹಾಗೆ. ನಾಯಕಿಯ ಪಕ್ಕದಲ್ಲಿ ನಾನು ಅಕ್ಕನಂತೆ ಕಾಣಲಿಲ್ಲವಂತೆ. ಇದನ್ನು ಯಾರೂ ಫೋನ್ ಮಾಡಿ ತಿಳಿಸಲಿಲ್ಲ. ಟಿವಿಯಲ್ಲಿ ಪ್ರೋಮೊ ಬಂದಾಗ ಆ ಪಾತ್ರದಲ್ಲಿ ಬೇರೊಬ್ಬರನ್ನು ನೋಡಿ ತಿಳಿದುಕೊಂಡೆ. ಅಷ್ಟರಲ್ಲಿ ನಾಟಕದ ಪಾತ್ರವೂ ಇನ್ನೊಬ್ಬಳದಾಗಿತ್ತು. ಮೊದಲ ಪ್ರದರ್ಶನದ ದಿನ ನಾನು ಬಾಗಿಲಲ್ಲಿ ನಿಂತು ಟಿಕೆಟ್ ಹರಿದೆ.

ಮುಂದೆ ಕಿರುತೆರೆಗೆ ಬಂದದ್ದೂ ನಾಟಕದಿಂದಲೇ. ಬೇರೊಂದು ನಾಟಕ ನೋಡಲು ಬಂದಿದ್ದ ಧಾರಾವಾಹಿ ನಿರ್ದೇಶಕರೊಬ್ಬರು ಸಣ್ಣ ಸೋದರತ್ತೆಯ ಪಾತ್ರಕ್ಕೆ ಕರೆದರು; ಅದು ಬೆಳೆಯಿತು. ಸೆಟ್ಟಿನಲ್ಲಿ ಮೊದಮೊದಲು ಪೇಚಾಟವೇ ಆಯಿತು. ಅಂದಂದಿನ ಸೀನ್ ಪೇಪರ್ ಅಂದೇ ಕೈಗೆ ಬರುತ್ತದೆ, ಸಹಾಯಕರು ಕ್ಯಾಮೆರಾದ ಹಿಂದಿನಿಂದ ಸಾಲು ಓದುತ್ತಾರೆ, ಕಲಾವಿದರು ಅದನ್ನು ಕೇಳಿಸಿಕೊಂಡು ಹೇಳುತ್ತಾರೆ. ನಾನೋ ಉರು ಹೊಡೆದು ಹೋಗಿ, ಪ್ರಾಂಪ್ಟರ್ ಬಾಯಿ ತೆರೆಯುವ ಮೊದಲೇ ಮಾತು ಮುಗಿಸಿಬಿಡುತ್ತಿದ್ದೆ. ಕೊನೆಯ ಸಾಲಿನ ಪ್ರೇಕ್ಷಕರಿಗೆ ಕೇಳುವಂತೆ ದನಿ ಎತ್ತಿದಾಗ ಧ್ವನಿಗ್ರಾಹಕರು, “ಮೇಡಂ, ಮೈಕ್ ನಿಮ್ಮ ಸೆರಗಿನಲ್ಲೇ ಇದೆ” ಎಂದರು. ದನಿ ತಗ್ಗಿಸುವುದನ್ನು ಬೇಗ ಕಲಿಯಬಹುದು. ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದನ್ನು ಮಾತ್ರ ಸೆಟ್ಟಿನ ಅವಸರದಲ್ಲಿ ಯಾರೂ ಕಲಿಸುವುದಿಲ್ಲ. ಮಾತಿಲ್ಲದ ರಿಯಾಕ್ಷನ್ ಶಾಟ್‌ಗಳಲ್ಲಿ ನನ್ನ ಕೈ ಹಿಡಿದದ್ದು ತಾಲೀಮಿನಲ್ಲಿ ಬಂದ ಆ ಅಭ್ಯಾಸವೇ.

ಇನ್ನು ವಯಸ್ಸಿನ ಮಾತು. ನಾಯಕಿಯ ಪಾತ್ರವೇ ಬೇಕೆಂದರೆ ನಿಮ್ಮ ಆತಂಕದಲ್ಲಿ ಹುರುಳಿದೆ. ಅಷ್ಟಕ್ಕೆ ಕಿರುತೆರೆ ಮುಗಿಯಿತೆಂದು ತಿಳಿಯುವುದನ್ನು ನಾನು ಒಪ್ಪುವುದಿಲ್ಲ. ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾಗಿ ಹೆಸರಾದ ಉಮಾಶ್ರೀಯವರು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾಗಿ ಬಂದದ್ದು 2021ರಲ್ಲಿ, ಅರವತ್ತು ದಾಟಿದ ಮೇಲೆ. ಕತೆಯ ಭಾರವೆಲ್ಲ ಆ ತಾಯಿಯ ಮೇಲೆಯೇ ಇತ್ತು.

ಆದ್ದರಿಂದ ತಂಡ ಬಿಡಬೇಡಿ. ಚಾನೆಲ್ ಓಕೆ ಆಗಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಅಹಂಕಾರಿ ಎನ್ನುತ್ತಾರೆಂಬ ಭಯ ಬೇಡ. ಪೋಷಕ ಪಾತ್ರವಾದರೆ ಪ್ರತಿದಿನವೂ ಕರೆ ಬರುವುದಿಲ್ಲ, ಸಂಭಾವನೆಯೂ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿರುತ್ತದೆ; ಹೀಗಿರುವಾಗ ಈಗಾಗಲೇ ಒಪ್ಪಿಕೊಂಡ ಪ್ರದರ್ಶನಗಳ ದಿನಾಂಕಗಳನ್ನು ಅಗ್ರಿಮೆಂಟ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ. ಚಿತ್ರೀಕರಣ ರಾತ್ರಿಯವರೆಗೆ ಎಳೆದು ತಾಲೀಮು ತಪ್ಪುವ ಸಂಜೆಗಳಂತೂ ಬಂದೇ ಬರುತ್ತವೆ. ಅದಕ್ಕಾಗಿ ತಂಡದ ಇನ್ನೊಬ್ಬ ನಟಿಗೆ ನಿಮ್ಮ ಪಾತ್ರವನ್ನು ಈಗಿನಿಂದಲೇ ಕಲಿಸಲು ಆರಂಭಿಸಿ, ಆ ವಿಷಯವನ್ನು ನಿಮ್ಮ ನಿರ್ದೇಶಕರಿಗೆ ನೀವೇ ಮೊದಲು ಹೇಳಿ.