ಸಂಪಾದಕರ ಉತ್ತರ: ವಚನಕ್ಕಿಂತ ಮೊದಲ ಕಿವಿ ಕೊಡ್ರಿ

ಗುಳೇದಗುಡ್ಡದ ಅಕ್ಕಾವ್ರಿಗೆ ಪ್ರಭುವಿನ ಹೆಸರಿನ್ಯಾಗ ವಂದನೆಗಳು.

ನಿಮ್ಮ ಪತ್ರ ಎರಡ ಸಲ ಓದಿದೆ. ಆರಾಧನೆ ಮುಗದ ಮ್ಯಾಲ ಹೆಣ್ಮಕ್ಕಳು ನಿಮ್ಮ ಹತ್ರ ಬಂದು ಅಳ್ತಾರ, ಕುಡಿಯೋ ಗಂಡ, ಮಗ್ಗದ ಸಾಲ, ಎರಡ ತಿಂಗಳಿಂದ ಮಾತು ಬಿಟ್ಟು ಬರೇ ಮಗ್ಗದ ನೂಲಿನ ಕಂಡಿಕಿ ಸುತ್ತಕೋತ ಕೂಡೋ ಮಗಳು, ನಾ ಏನ ಹೇಳ್ಲಿ, ಪಿಯುಸಿ ಓದಿದಾಕಿ ಬೈಬಲ್ ಕೌನ್ಸೆಲರ್, ಅಂದ್ರ ಬೈಬಲ್ ಆಧಾರದ ಮ್ಯಾಲ ಮಂದಿಗೆ ಬುದ್ಧಿ ಸಮಾಧಾನ ಹೇಳಾಕಿ, ಆಗಬಹುದೇನು ಅಂತ ಕೇಳೀರಿ.

ಆಗಬಹುದರಿ. ಬೈಬಲ್‌ನ್ಯಾಗ ರೋಮಾಪುರದವರಿಗೆ ಬರದ ಪತ್ರದ 15:14ರಾಗ ಒಬ್ಬರಿಗೊಬ್ಬರು ಬುದ್ಧಿ ಹೇಳೂ ಶಕ್ತಿ ನಿಮಗದ ಅಂತ ಅಪೊಸ್ತಲ ಪೌಲ ಬರದದ್ದು ಇಡೀ ಸಭೆಗೆ, ಬರೇ ಪಾಸ್ಟರಿಗಲ್ಲ. ಆ ಮಾತನ್ನ ಹಿಡಕೊಂಡ ಅಮೆರಿಕದ ಜೇ ಆಡಮ್ಸ್ ಅನ್ನೋ ಪಾಸ್ಟರು 1970ರಿಂದ ಈಚೆಗೆ ಈ ಸೇವಾಕ್ಕ ಹೊಸಾ ಜೀವ ಕೊಟ್ರು. ಅಲ್ಲಿಯ ಎಸಿಬಿಸಿ ಅನ್ನೋ ಬೈಬಲ್ ಕೌನ್ಸೆಲರ್‌ಗಳ ಸಂಘ ಸರ್ಟಿಫಿಕೇಟ್ ಕೊಡಬೇಕಂದ್ರ ಓದು, ಪರೀಕ್ಷೆ ಎಲ್ಲಾ ಆದ ಮ್ಯಾಲೂ ಅನುಭವಸ್ಥರ ಕೈಕೆಳಗ 50 ತಾಸು ಕೌನ್ಸೆಲಿಂಗ್ ಮಾಡಸ್ತದ. ನಿಮಗ ಸದ್ಯಕ್ಕ ಆ ಕಾಗದ ಬ್ಯಾಡ, ಆದ್ರ ಆ ಕೈಕೆಳಗ ಕಲಿಯೂದು ಬೇಕ. ನಿಮ್ಮ ಸಭಾಪಾಲಕರಿಗೆ ಹೇಳ್ರಿ, ಅವರು ಕುಟುಂಬದವರ ಜೋಡಿ ಮಾತಾಡುವಾಗ ಒಪ್ಪಿಗಿ ತಗೊಂಡು ಬಾಜೂಕ ಕೂಡ್ರಿ.

ಕೂತು ಏನ ಕಲೀಬೇಕಂದ್ರ ಕೇಳೂದು. ಬೈಬಲ್‌ನ್ಯಾಗ ಎಲ್ಲಾ ಕಳಕೊಂಡ ದುಃಖದಾಗಿದ್ದ ಯೋಬನ ಗೆಳೆಯರು ಏಳ ಹಗಲು ಏಳ ರಾತ್ರಿ ಸುಮ್ಮನ ಅವನ ಜೋಡಿ ನೆಲಕ್ಕ ಕೂತಿದ್ರು, ಅಲ್ಲಿತನಕ ಅವರು ಛಲೋ ಕೌನ್ಸೆಲರ್‌ಗಳ, ಬಾಯಿ ತಗದ ಮ್ಯಾಲ ಕೆಡಿಸಿದ್ರು. ಸಾಯ್ತೀನಿ ಅಂದ ಪ್ರವಾದಿ ಎಲೀಯಗ ದೇವದೂತ ಮೊದಲ ರೊಟ್ಟಿ ನೀರು ಕೊಟ್ಟ, ಮತ್ತ ಮಲಗಾಕ ಬಿಟ್ಟ, ಎಬ್ಬಿಸಿ ಮತ್ತ ಉಣಿಸಿದ, ದೇವರು ಮಾತಾಡಿದ್ದು ಎಷ್ಟೋ ದಿನದ ಮ್ಯಾಲ. ನಾವು ಮಾತ್ರ ಎರಡ ನಿಮಿಷಕ್ಕ ಬೈಬಲ್ ವಚನ ತಗದು ಕೊಡ್ತೀವಿ, ಇದು ನನಗ ಭಾಳ ಸಂಕಟ ಆಗೂ ವಿಷಯ.

ಇನ್ನೊಂದು, ಕೇಳಿದ್ದನ್ನ ಸ್ತ್ರೀಯರ ಕೂಟದಾಗ ಪ್ರಾರ್ಥನಾ ವಿಷಯ ಅಂತ ಇಡಬ್ಯಾಡ್ರಿ. ಸಣ್ಣ ಊರಾಗ ಹೆಸರು ಹೇಳದಿದ್ರೂ ಯಾರ ಮನಿ ಅಂತ ಎಲ್ಲಾರಿಗೂ ತಿಳೀತದ, ಆಕಿ ಮತ್ತ ಯಾರ ಹತ್ರಾನೂ ಬಾಯಿ ಬಿಡೂದಿಲ್ಲ.

ಬೆಳಗಾವಿಯೊಳಗ ನನಗ ಗೊತ್ತಿದ್ದ ಒಬ್ಬ ಹುಡುಗಗ ನಂಬಿಕಿ ಇದ್ರ ಗುಳಿಗಿ ಯಾಕ ಅಂತ ಸಭೆಯವರೊಬ್ಬರು ಬಿಡಿಸಿದ್ರು, ಮೂರು ವಾರಕ್ಕ ಅವನ ಸ್ಥಿತಿ ನೋಡಾಕ ಆಗಲಿಲ್ಲ. ಅದಕ್ಕ ಕೈ ಮುಗದು ಹೇಳ್ತೀನಿ, ಡಾಕ್ಟರ್ ಕೊಟ್ಟ ಗುಳಿಗಿ ಬಿಡಿಸೂ ಅಧಿಕಾರ ನಮಗಿಲ್ಲ. ಧಾರವಾಡದಾಗ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರಿ ಡಿಮ್ಹಾನ್ಸ್ ಅದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಿದ್ರ ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಗಂಡ ಹೊಡೀತಾನ ಅಂದ್ರ ಅಧೀನಳಾಗಿರು ಅಂತ ತಿರುಗಿ ಕಳಸಬ್ಯಾಡ್ರಿ, ಮೊದಲ ಆಕಿ ಸುರಕ್ಷಿತ ಇರಬೇಕು, ಮಹಿಳಾ ಸಹಾಯವಾಣಿ 181 ಅದ. ಮಗುವಿನ ಮ್ಯಾಲ ಲೈಂಗಿಕ ದೌರ್ಜನ್ಯ ಅಂತ ತಿಳೀತಂದ್ರ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಭೆಯೊಳಗ ಮುಚ್ಚಿ ಬಗಿಹರಿಸೂ ಮಾತ ಇಲ್ಲ.

ಈಗ ನೀವು ಬರದ ಆ ಮಾತು ಬಿಟ್ಟ ಹುಡುಗಿ. ಊಟ ನಿದ್ದಿ ಹೆಂಗದ ಅಂತ ತಾಯಿನ್ನ ಕೇಳ್ರಿ, ಈ ವಾರ ಡಾಕ್ಟರಿಗೆ ತೋರ್ಸಾಕ ಹೇಳ್ರಿ, ಬೇಕಾದ್ರ ಜೋಡಿ ಹೋಗ್ರಿ. ಸಾಯಬೇಕು ಅನಸ್ತದೇನವ್ವಾ ಅಂತ ಹುಡುಗಿನ್ನ ನೇರ ಕೇಳಾಕ ಅಂಜಬ್ಯಾಡ್ರಿ, ಕೇಳಿದ್ರಿಂದ ಆ ವಿಚಾರ ಹುಟ್ಟೂದಿಲ್ಲ. ಬೈಬಲ್ ಚೀಲದಾಗ ಇರಲಿ. ಆಕಿ ಬಾಜೂಕ ಕೂತು ನೀವೂ ನಾಕ ಕಂಡಿಕಿ ಸುತ್ತರಿ, ಏನಾತು ಅಂತ ನನಗ ಬರೀರಿ.