ಬೈಪೋಲಾರ್ ಇರುವವರಿಗೆ ಮದುವೆ ಮಾಡಿದರೆ ಸರಿಹೋಗುತ್ತಾರಾ?

ಇಲ್ಲ. ಬೈಪೋಲಾರ್ ಅಂದರೆ ಕೆಲವು ಸಲ ಅತಿಯಾದ ಉತ್ಸಾಹ (ಉನ್ಮಾದ), ಕೆಲವು ಸಲ ಖಿನ್ನತೆ ಬರುವ ಮಾನಸಿಕ ಕಾಯಿಲೆ; ಅದು ಮದುವೆಯಿಂದ ವಾಸಿಯಾಗುವುದಿಲ್ಲ. ಮುಚ್ಚಿಟ್ಟು ಮದುವೆ ಮಾಡುವುದಂತೂ ಇಬ್ಬರಿಗೂ ಅನ್ಯಾಯ. ಹೊಸ ಮನೆಯಲ್ಲಿ ಗೊತ್ತಾಗಬಾರದೆಂದು ಎಷ್ಟೋ ಜನ ಮಾತ್ರೆ ಬಿಡುತ್ತಾರೆ, ಕಾಯಿಲೆ ಮರುಕಳಿಸುತ್ತದೆ.

ಆದರೆ ಅರ್ಥ ಮಾಡಿಕೊಳ್ಳುವ ಸಂಗಾತಿ ದೊಡ್ಡ ಬಲ. ನಿದ್ದೆ ಕಡಿಮೆಯಾಗುವುದು, ಮಾತು ಜಾಸ್ತಿಯಾಗುವುದು, ಸುಮ್ನೆ ದುಡ್ಡು ಸುರಿಯುವುದು: ಉನ್ಮಾದದ ಈ ಲಕ್ಷಣಗಳು ಮೊದಲು ಕಾಣುವುದು ಜೊತೆಗಿರುವವರಿಗೇ ಅಲ್ವಾ? ಆಗಲೇ ಡಾಕ್ಟರ ಹತ್ತಿರ ಹೋದರೆ ಎಷ್ಟೋ ಸಲ ಆಸ್ಪತ್ರೆ ಸೇರುವುದು ತಪ್ಪುತ್ತದೆ. ದಿನಾ ಕೊಂಕು, ಬೈಗುಳ ಇರುವ ಮನೆಯಲ್ಲಿ ಕಾಯಿಲೆ ಮರಳುವುದು ಹೆಚ್ಚು. ಹೆರಿಗೆಯ ನಂತರದ ವಾರಗಳಲ್ಲಿ ತುಂಬಾ ಎಚ್ಚರ ಬೇಕು; ರಾತ್ರಿ ಮಗುವನ್ನು ಬೇರೆಯವರು ನೋಡಿಕೊಂಡು ತಾಯಿಗೆ ನಿದ್ದೆ ಸಿಗುವಂತೆ ಮಾಡಿ.

ಮದುವೆಯಾಗದವರಿಗೆ ಅಕ್ಕನೋ ಗೆಳೆಯನೋ ಇದೇ ಆಸರೆ ಆಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.